ಅಧ್ಯಕ್ಷರು ಹೇಳದ ಮಾತು

ಹನ್ನೊಂದು ಜನರಲ್ಲಿ ಒಬ್ಬರೂ ಸಹಿ ಹಾಕಬಾರದು ಎಂದು ತೀರ್ಮಾನವಾದದ್ದು ಪ್ರೂಫ್ ಮೇಷ್ಟ್ರ ಮನೆಯ ಊಟದ ಮೇಜಿನಲ್ಲಿ. ಭಾನುವಾರ, ಮಧ್ಯಾಹ್ನ ಒಂದೂವರೆ ದಾಟಿತ್ತು. ಅಡುಗೆಮನೆಯಲ್ಲಿ ಬೇಯಿಸಿದ ಆಲೂಗೆಡ್ಡೆ ಆರಿ ತಣ್ಣಗಾಗಿತ್ತು. ಸಮಿತಿಯ ಕಾಗದಗಳನ್ನು ಎತ್ತದ ಹೊರತು ತಟ್ಟೆ ಇಡಲು ಜಾಗವಿರಲಿಲ್ಲ.

ಪ್ರೂಫ್ ಮೇಷ್ಟ್ರು ನಿಜವಾಗಿ ಮೇಷ್ಟ್ರಲ್ಲ. ಮೂವತ್ತೆರಡು ವರ್ಷ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದಿ ನಿವೃತ್ತರಾದವರು. ಎದುರಿಗೆ ಕೂತು ಮಾತಾಡುವವರ ವ್ಯಾಕರಣವನ್ನೂ ಬಿಡದೆ ತಿದ್ದುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ರಾಜಕೀಯ ಕೈದಿಗಳ ಹಕ್ಕು ಸಮಿತಿಗೆ ಅವರು ಹತ್ತು ವರ್ಷದಿಂದ ಅಧ್ಯಕ್ಷರು. ಮೊದಲ ಆರು ವರ್ಷ ಬೇರೆಯವರ ಮಕ್ಕಳಿಗಾಗಿ ಓಡಾಡಿದರು. ಆಮೇಲಿನ ನಾಲ್ಕು ವರ್ಷ ತಮ್ಮ ಮಗನಿಗಾಗಿಯೂ ಓಡಾಡುತ್ತಿದ್ದರು.

ಮಗ ಅಚ್ಚುಕೂಟದಲ್ಲಿ ಯಂತ್ರ ನಡೆಸುತ್ತಿದ್ದವನು. ಪೊಲೀಸರು ಕರೆದುಕೊಂಡು ಹೋಗಿ ಮತ್ತೆ ಮನೆಗೆ ಬಾರದ ನಲವತ್ತಾರು ಜನರ ಹೆಸರಿನ ಪಟ್ಟಿಯನ್ನು ಅಚ್ಚು ಹಾಕಿದ್ದಕ್ಕೆ, ಹಂಚಿದ್ದಕ್ಕೆ, ಹಂಚಲು ಸೈಕಲ್ಲು ಕೊಟ್ಟಿದ್ದಕ್ಕೆ ಹನ್ನೊಂದು ಜನರನ್ನು ಹಿಡಿದಿದ್ದರು. ಎಲ್ಲರಿಗೂ ಹದಿಮೂರು ವರ್ಷ ಶಿಕ್ಷೆಯಾಗಿತ್ತು. ಮೇಲ್ಮನವಿ ಇನ್ನೂ ವಿಚಾರಣೆಗೆ ಬಂದಿರಲಿಲ್ಲ. ಈಗ ಜೈಲಿನ ಕಚೇರಿ ಅವರನ್ನು ಒಬ್ಬೊಬ್ಬರಾಗಿ ಕರೆದು ಅಚ್ಚಾದ ಒಂದೊಂದು ಹಾಳೆ ಕೊಟ್ಟಿತ್ತು. ಸಹಿ ಹಾಕಿದವರಿಗೆ ವಾರದೊಳಗೆ ಬಿಡುಗಡೆ.

ಸಮಿತಿಯ ವಕೀಲರು ಹಾಳೆಯ ಪ್ರತಿಯನ್ನು ಗಟ್ಟಿಯಾಗಿ ಓದಿದರು. "'ನಾವು ಹನ್ನೊಂದು ಮಂದಿ ಸೇರಿ ಸರ್ಕಾರದ ವಿರುದ್ಧ ಸಂಚು ನಡೆಸಿದ್ದು ನಿಜ. ಅದಕ್ಕಾಗಿ ವಿಷಾದಿಸುತ್ತೇನೆ.' ಅಷ್ಟೇ. 'ನಾನು' ಅಂತ ಇದ್ದಿದ್ರೆ, ಹಾಕೋರು ಹಾಕ್ಕೊಳ್ಳಲಿ ಅನ್ನಬಹುದಿತ್ತು. 'ನಾವು' ಅಂತ ಇದೆ. ಒಬ್ಬ ಸಹಿ ಹಾಕಿದ್ರೂ ಉಳಿದವರ ಕುತ್ತಿಗೆಗೆ ಬರುತ್ತೆ."

"ಹಾಗಾದ್ರೆ ಯಾರೂ ಹಾಕಬಾರದು," ಅಂದರು ಟೀಚರಮ್ಮ. ಅವರು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವವರು. ಅವರ ಗಂಡ ಒಳಗಿದ್ದರು.

ಪ್ರೂಫ್ ಮೇಷ್ಟ್ರು ನಿರ್ಣಯ ಬರೆದು, ಒಂದು ಅಲ್ಪವಿರಾಮ ತೆಗೆದು, ಸುತ್ತಲೂ ನೋಡಿದರು. "ಯಾರದಾದ್ರೂ ಆಕ್ಷೇಪ?" ಯಾರದೂ ಇರಲಿಲ್ಲ. "ಸರಿ. ಅಚ್ಚಿಗೆ ಹೋಗಬಹುದು," ಅಂದರು. ಯಾವ ಕೆಲಸ ಮುಗಿದರೂ ಅವರು ಹಾಗೇ ಅನ್ನುತ್ತಿದ್ದರು. ಚಹಾಕ್ಕೆ ಸಕ್ಕರೆ ಸರಿಯಾಗಿದ್ದರೂ ಅಚ್ಚಿಗೆ ಹೋಗಬಹುದು, ಮಗಳ ಸಂಬಂಧ ಮುರಿದುಬಿದ್ದ ದಿನ ಹುಡುಗನ ಕಡೆಯವರಿಗೆ ಬರೆದ ಪತ್ರವೂ ಅಚ್ಚಿಗೆ ಹೋಗಬಹುದು.

ಸಮಿತಿಯವರು ಹೋದ ಮೇಲೆ ಅವರ ಹೆಂಡತಿ ಮೇಜು ಒರೆಸಿ ತಟ್ಟೆ ಇಟ್ಟರು. ಅಜ್ಜಿ, ಅಂದರೆ ಮೇಷ್ಟ್ರ ತಾಯಿ, ಒಂದು ಆಲೂಗೆಡ್ಡೆ ಒತ್ತಿ ನೋಡಿ, "ಇದೂ ವಿಚಾರಣೆಗೆ ಕಾದು ಕಾದು ಗಟ್ಟಿಯಾಗಿದೆ," ಅಂದಳು. ಯಾರೂ ನಗಲಿಲ್ಲ. ಅಜ್ಜಿಗೆ ಎಂಬತ್ತಾರು, ಕಿವಿ ಅರ್ಧ ಮಾತ್ರ ಕೇಳುತ್ತಿತ್ತು. ನಕ್ಕರೋ ಇಲ್ಲವೋ ಎಂದು ಅವಳು ನೋಡುತ್ತಲೂ ಇರಲಿಲ್ಲ.

*

ಹೆಂಡತಿಯನ್ನು ಬೀದಿಯವರೆಲ್ಲ ಇಸ್ತ್ರಿಯಮ್ಮ ಅನ್ನುತ್ತಿದ್ದರು. ರೈಲು ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಬಟ್ಟೆ ವಿಭಾಗದ ಕೆಲಸ. ಬೆಳಿಗ್ಗೆ ಏಳಕ್ಕೆ ಹೋದರೆ ಮೂರು ಗಂಟೆಯವರೆಗೆ ಹಬೆಯಲ್ಲಿ ನಿಂತು ಅಂಗಿ ಒತ್ತುವುದು. ಹತ್ತೊಂಬತ್ತು ವರ್ಷದಲ್ಲಿ ಮನುಷ್ಯರ ಮುಖಕ್ಕಿಂತ ಕುತ್ತಿಗೆಯ ಅಳತೆ ಅವರಿಗೆ ಹೆಚ್ಚು ನೆನಪಿರುತ್ತಿತ್ತು.

ಎರಡು ವಾರಕ್ಕೊಮ್ಮೆ ಮಂಗಳವಾರ ಜೈಲಿನ ಭೇಟಿ. ಒಬ್ಬ ಕೈದಿಗೆ ಒಬ್ಬರೇ, ಹತ್ತು ನಿಮಿಷ. ಸಮಿತಿಯ ಮಾತು ಒಳಗೆ ಹೋಗಬೇಕು, ಒಳಗಿನವರ ಮಾತು ಹೊರಗೆ ಬರಬೇಕು ಎಂದು ಪ್ರೂಫ್ ಮೇಷ್ಟ್ರೇ ಹೋಗುತ್ತಿದ್ದರು. ನಾಲ್ಕು ವರ್ಷದಲ್ಲಿ ಇಸ್ತ್ರಿಯಮ್ಮ ಮಗನನ್ನು ನೋಡಿದ್ದು ಒಂಬತ್ತು ಸಲ. ಅವರಿಗೆ ಬರುತ್ತಿದ್ದದ್ದು ಒಗೆಯುವ ಬಟ್ಟೆಯ ಚೀಲ.

ಆ ಮಂಗಳವಾರವೂ ಚೀಲ ಬಂತು. ಅವರು ಅದನ್ನು ಬಚ್ಚಲಿನಲ್ಲಿ ಬಿಚ್ಚಿದರು. ಎರಡು ಅಂಗಿ, ಎರಡು ಬನಿಯನು, ಒಂದು ದಿಂಬಿನ ಚೀಲ. ದಿಂಬಿನ ಚೀಲದ ಮೇಲೆ ಕಂದು ಕಲೆ, ಬಾಯಿ ಬರುವ ಜಾಗದಲ್ಲಿ. ಹಿಂದಿನ ಸಲ ನಾಣ್ಯದಷ್ಟಿತ್ತು, ಈ ಸಲ ಅಂಗೈಯಷ್ಟಾಗಿತ್ತು. ಅಂಗಿಯನ್ನು ಒಗೆಯದೆ ಹಾಗೇ ಹಿಡಿದುಕೊಂಡು ಊಟದ ಮೇಜಿಗೆ ಬಂದರು.

"ಇದು ಹದಿನಾರರ ಕಾಲರ್ರು. ಗುಂಡಿ ಮೂರು ಸಲ ಒಳಗೆ ಹಾಕಿ ಹೊಲಿದಿದ್ದೀನಿ. ಈಗ ಹದಿನಾಲ್ಕಕ್ಕೆ ಬಂದಿದೆ. ಇನ್ನೂ ಸಡಿಲ. ಮಡಿಕೆ ನೋಡಿ, ಎಲ್ಲಿ ಕೊಳೆ ಕೂತಿದೆ ಅಂತ."

"ಊಟ ಮಾಡೋವಾಗ ಕೊಳೆ ಬಟ್ಟೆ ಯಾಕೆ?" ಅಂದರು ಮೇಷ್ಟ್ರು. "ಜೈಲಿನ ವೈದ್ಯರ ವರದಿ ಬಂದಿದೆ. ಒಸಡಿನ ಊತ ಅಂತ ಇದೆ. ವಕೀಲರು ಅರ್ಜಿ ಹಾಕಿದ್ದಾರೆ."

"ನೀವು ಅರ್ಜಿ ಓದ್ತೀರಿ. ನಾನು ಬಟ್ಟೆ ಓದ್ತೀನಿ."

ಮಗಳು ಬ್ರೆಡ್ಡು ಕತ್ತರಿಸುತ್ತಿದ್ದಳು. ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಳು. ಮೊದಲು ಮುಂದಿನ ಕೋಣೆಯಲ್ಲಿ ಕೂತು ರೋಗಿಗಳ ಹೆಸರು ಬರೆಯುತ್ತಿದ್ದಳು. ತಮ್ಮ ಒಳಗೆ ಹೋದ ಮೇಲೆ ಒಬ್ಬಿಬ್ಬರು ರೋಗಿಗಳು ಮುಖ ಸಿಂಡರಿಸಿದರೆಂದು ಡಾಕ್ಟರು ಅವಳನ್ನು ಹಿಂದಿನ ಕೋಣೆಗೆ ಹಾಕಿದ್ದರು, ಉಪಕರಣ ತೊಳೆಯಲು. ಅದರ ಬಗ್ಗೆ ಅವಳು ಮನೆಯಲ್ಲಿ ಒಂದು ಸಲ ಹೇಳಿದ್ದಳು, ಅಷ್ಟೇ.

"ನಮ್ಮ ಡಾಕ್ಟರಿಗೆ ತೋರಿಸಿದ್ರೆ ಒಂದೂವರೆ ತಿಂಗಳ ಕೆಲಸ," ಅಂದಳು. "ಬಿಟ್ರೆ ರಕ್ತಕ್ಕೆ ಹೋಗುತ್ತೆ. ಹೋದ್ಮೇಲೆ ಯಾವ ಅರ್ಜಿಯೂ ನಡೆಯಲ್ಲ."

"ಹನ್ನೊಂದು ಮನೆಯವರು ನನ್ನ ಮಾತು ನಂಬಿ ಕೂತಿದ್ದಾರೆ," ಅಂದರು ಮೇಷ್ಟ್ರು.

"ಹನ್ನೊಂದರಲ್ಲಿ ನಮ್ಮ ಮನೆನೂ ಒಂದಲ್ವಾ ಅಪ್ಪ?"

ಮೇಷ್ಟ್ರು ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಇಸ್ತ್ರಿಯಮ್ಮ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. "ಆ ಪಟ್ಟಿಯ ಕರಡು ತಿದ್ದಿಕೊಟ್ಟಿದ್ದು ನೀವು. ಇದೇ ಮೇಜಿನ ಮೇಲೆ. ನಿಮ್ಮನ್ನ ಯಾಕೆ ಹಿಡೀಲಿಲ್ಲ?" ಅಂದರು.

"ತಿದ್ದಿದವರ ಹೆಸರು ಯಾರೂ ಅಚ್ಚು ಹಾಕಲ್ಲ."

"ಅದೇ ನಾನೂ ಹೇಳ್ತಿರೋದು. ಒಳಗಿರೋದು ಅವನು."

ಅಜ್ಜಿಗೆ ಎಲ್ಲರ ತುಟಿ ನಿಂತದ್ದು ಕಂಡಿತು. "ಏನಂತೆ?" ಅಂದಳು. ಮಗಳು ಅವಳ ಕಿವಿಗೆ ಬಾಗಿ, "ಏನಿಲ್ಲ ಅಜ್ಜಿ, ಬಟ್ಟೆ ವಿಷಯ," ಅಂದಳು.

"ಮನೆಗೆ ಮಾರಿ, ಊರಿಗೆ ಉಪಕಾರಿ," ಅಂದಳು ಅಜ್ಜಿ. "ಇವನಪ್ಪನೂ ಹಾಗೇ ಇದ್ದ." ಬ್ರೆಡ್ಡಿನ ತುದಿಯನ್ನು ಸೂಪಿನಲ್ಲಿ ಅದ್ದಿ ಮೆತ್ತಗಾಗುವವರೆಗೆ ಕಾದಳು.

*

ಮುಂದಿನ ಭೇಟಿಯ ವಾರ ರಾಜಧಾನಿಯಲ್ಲಿ ಹಕ್ಕುಗಳ ಆಯೋಗದ ಮುಂದೆ ಅಹವಾಲು ಕೊಡುವುದಿತ್ತು. ವಕೀಲರೂ ಅಧ್ಯಕ್ಷರೂ ಹೋಗಲೇಬೇಕು. ಸೋಮವಾರ ಬೆಳಿಗ್ಗೆ ಹೊರಡುವಾಗ ಮೇಷ್ಟ್ರು ಶೂ ದಾರ ಕಟ್ಟುತ್ತಾ ಹೇಳಿದರು:

"ನಾಳೆ ನೀನು ಹೋಗು. ಒಳಗಿನವರು ಗಟ್ಟಿಯಾಗಿದ್ದಾರಾ ಕೇಳು. ಸಮಿತಿ ಗಟ್ಟಿಯಾಗಿದೆ ಅಂತ ಹೇಳು."

"ಬೇರೆ ಏನಾದ್ರೂ ಹೇಳೋದಿದೆಯಾ?"

"ಅಷ್ಟೇ."

"ನೀವು ಅಂತ ಏನಾದ್ರೂ?"

ಮೇಷ್ಟ್ರು ಕೈಗಡಿಯಾರ ನೋಡಿಕೊಂಡರು. "ರೈಲು ತಪ್ಪುತ್ತೆ," ಅಂದರು.

ಮಂಗಳವಾರ ಇಸ್ತ್ರಿಯಮ್ಮ ಹೋಟೆಲಿಗೆ ರಜೆ ಹಾಕಿ ಎರಡು ಬಸ್ಸು ಬದಲಾಯಿಸಿ ಹೋದರು. ಭೇಟಿಯ ಕೋಣೆಯಲ್ಲಿ ನಡುವೆ ಎರಡು ಜಾಲರಿ. ಎರಡರ ಮಧ್ಯೆ ಒಂದು ಮೊಳ ಜಾಗ, ಅಲ್ಲಿ ಒಬ್ಬ ಕಾವಲುಗಾರ ಆಕಳಿಸುತ್ತಾ ಅತ್ತಿತ್ತ ನಡೆಯುತ್ತಿದ್ದ. ಮಗ ಬಂದು ಕೂತ. ಮನೆಯಲ್ಲಿ ಅವನನ್ನು ಗುಂಡ ಅನ್ನುತ್ತಿದ್ದರು, ಹುಟ್ಟಿದಾಗ ನಾಲ್ಕು ಕಿಲೋ ಇದ್ದನೆಂದು. ಈಗ ಅವನು ಮಾತಾಡುವಾಗ ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಳ್ಳುತ್ತಿದ್ದ.

"ಕೈ ತೆಗಿ," ಅಂದರು ತಾಯಿ.

"ವಾಸನೆ ಬರುತ್ತಮ್ಮ."

"ನಾನು ಇಲ್ಲಿದ್ದೀನಿ. ನಂಗೇನು ಬರುತ್ತೆ? ತೆಗಿ."

ಅವನು ತೆಗೆದ. ಮುಂದಿನ ಎರಡು ಹಲ್ಲು ಇರಲಿಲ್ಲ. ಇಸ್ತ್ರಿಯಮ್ಮ ನೋಡಿದರು. ಸಮಿತಿ ಗಟ್ಟಿಯಾಗಿದೆ ಎಂದು ಹೇಳಬೇಕಾಗಿತ್ತು. ಅಜ್ಜಿ ಚೆನ್ನಾಗಿದ್ದಾಳೆ ಎಂದರು, ಅಕ್ಕ ಚೆನ್ನಾಗಿದ್ದಾಳೆ ಎಂದರು. ಹತ್ತರಲ್ಲಿ ಐದು ನಿಮಿಷ ಹಾಗೇ ಹೋಯಿತು.

"ಅಪ್ಪ ಏನಂದ್ರು?" ಅಂದ ಮಗ.

"ಸಹಿ ಹಾಕು ಅಂದ್ರು."

ಮಗ ಜಾಲರಿಯ ಹತ್ತಿರ ಬಾಗಿದ. "ಅಪ್ಪನಾ?"

"ಹೂಂ."

"ಏನಂತ ಅಂದ್ರು? ಅಂದ ಹಾಗೇ ಹೇಳು."

ಇಸ್ತ್ರಿಯಮ್ಮ ಜಾಲರಿಗೆ ಬಾಯಿ ಹತ್ತಿರ ತಂದರು. "'ತಿದ್ದೋಕೆ ಇನ್ನೇನೂ ಉಳಿದಿಲ್ಲ, ಅಚ್ಚಿಗೆ ಕಳಿಸು ಅಂತ ಹೇಳು.' ಹಾಗಂದ್ರು."

ಮಗ ಬಹಳ ಹೊತ್ತು ಅವರ ಮುಖವನ್ನೇ ನೋಡಿದ. ಕಾವಲುಗಾರ ಗಂಟೆ ಬಾರಿಸಿದ. "ಸರಿ," ಅಂದ ಮಗ. ಎದ್ದು ಒಗೆಯುವ ಬಟ್ಟೆಯ ಚೀಲವನ್ನು ಕಿಂಡಿಯಲ್ಲಿ ತಳ್ಳಿ ಹೋದ.

ಮನೆಗೆ ಬಂದು ಅವರು ಬಟ್ಟೆ ಒಗೆದರು, ಒಣಗಿಸಿದರು, ಒತ್ತಿದರು. ಗಂಡ ಗುರುವಾರ ರಾಜಧಾನಿಯಿಂದ ಬಂದು, "ಏನಂದ?" ಎಂದು ಕೇಳಿದಾಗ, "ಚೆನ್ನಾಗಿದ್ದಾನೆ," ಅಂದರು. ಅವರ ಮದುವೆಯಾಗಿ ಮೂವತ್ನಾಲ್ಕು ವರ್ಷವಾಗಿತ್ತು. ಇಂಥ ಸುಳ್ಳನ್ನು ಹೇಳಿ ಅಭ್ಯಾಸವಿರಲಿಲ್ಲ. ಆದರೆ ಕಷ್ಟವೇನೂ ಆಗಲಿಲ್ಲ.

*

ಮರುವಾರ ಬುಧವಾರ, ಹನ್ನೊಂದು ಗಂಟೆಯ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಇಸ್ತ್ರಿಯಮ್ಮ, ಮಗಳು ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಬಾಗಿಲು ತೆಗೆದರು. ಮಗ ನಿಂತಿದ್ದ, ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ನೀವು ಹೇಳಿದ ಹಾಗೇ ಮಾಡಿದೆ ಅಪ್ಪ," ಅಂದ.

ಮೇಷ್ಟ್ರ ಕೈ ಚಿಲಕದ ಮೇಲೇ ಇತ್ತು. ಅವರು ಮಗನ ಬಾಯಿ ನೋಡಿದರು, ಕುತ್ತಿಗೆ ನೋಡಿದರು. "ಒಳಗೆ ಬಾ," ಅಂದರು. "ಶೂ ಅಲ್ಲಿ ಬಿಡು."

ಅಜ್ಜಿ ಅವನ ಕೆನ್ನೆ ಹಿಡಿದು ಅಲುಗಿಸಿ, "ಗುಂಡ, ನಿನ್ನ ಅರ್ಧ ಅಲ್ಲೇ ಬಿಟ್ಟು ಬಂದಿದ್ದೀಯಲ್ಲೋ," ಅಂದಳು. ಅಪ್ಪ ನೀರು ಕಾಯಲು ಇಟ್ಟರು, ಮೊಟ್ಟೆ ಬೇಯಲು ಇಟ್ಟರು. ಎಷ್ಟು ನಿಮಿಷ ಬೇಯಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಮಗನೇ ಬಂದು ಒಲೆ ಆರಿಸಿದ.

ಮೂರೂವರೆಗೆ ಇಸ್ತ್ರಿಯಮ್ಮ ಬಂದಾಗ ಬಾಗಿಲಲ್ಲಿ ಶೂ ಇತ್ತು. ಬಚ್ಚಲಿನಲ್ಲಿ ನೀರಿನ ಸದ್ದು. ಗಂಡ ಮೇಜಿನ ಬಳಿ ಕೂತಿದ್ದರು, ಮುಂದೆ ಒಂದೂ ಕಾಗದವಿರಲಿಲ್ಲ.

"ಅವನಿಗೆ ಏನಂತ ಹೇಳಿದೆ?"

"ನೀವು ಹೇಳಿದ್ರಿ ಅಂತ ಹೇಳಿದೆ."

"ನಾನು ಏನು ಹೇಳಿದೆ ಅಂತ?"

ಅವರು ಅದನ್ನೂ ಹೇಳಿದರು, ಒಂದಕ್ಷರ ಬಿಡದೆ. ಮೇಷ್ಟ್ರು ಕೇಳಿ, ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಟ್ಟು ಮಾಡಿದರು.

"ಅವನಿಗೆ ಗೊತ್ತಾಗೋದು ಬೇಡ," ಅಂದರು ಕೊನೆಗೆ.

"ಬಯ್ಯೋದಾದ್ರೆ ಬಯ್ಯಿರಿ."

"ಬೈದು ಏನು ಮಾಡಲಿ?"

ಬಚ್ಚಲಿನ ನೀರಿನ ಸದ್ದು ನಿಂತಿತು. ಇಸ್ತ್ರಿಯಮ್ಮ ಹೋಗಿ ಟವೆಲು ಕೊಟ್ಟು ಬಂದರು.

*

ಮಗ ಬಿಡುಗಡೆಯಾದ ಎರಡು ದಿನಕ್ಕೆ ಇನ್ನಿಬ್ಬರು ಸಹಿ ಹಾಕಿದರು. ಅಧ್ಯಕ್ಷರೇ ಮಗನಿಗೆ ಹೇಳಿ ಕಳಿಸಿದರಂತೆ ಎಂಬ ಮಾತು ಒಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿತ್ತು. ಭಾನುವಾರ ಸಮಿತಿ ಅದೇ ಮೇಜಿನ ಸುತ್ತ ಕೂತಿತು. ಮಗನನ್ನು ಅಕ್ಕ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ರಜೆಯ ದಿನ ನೋಡುತ್ತೇನೆ, ಯಾರಿಗೂ ತಿಳಿಯುವುದು ಬೇಡ ಎಂದು ಡಾಕ್ಟರು ಹೇಳಿದ್ದರು.

ಟೀಚರಮ್ಮ ಬಳಸಿ ಮಾತಾಡುವವರಲ್ಲ. "ನೀವೇ ಹೇಳಿ ಕಳಿಸಿದ್ದಾ?" ಅಂದರು.

ಅಡುಗೆಮನೆಯಲ್ಲಿ ಇಸ್ತ್ರಿಯಮ್ಮ ಈರುಳ್ಳಿ ಹೆಚ್ಚುತ್ತಿದ್ದರು. ಚಾಕು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು.

"ಹೌದು," ಅಂದರು ಮೇಷ್ಟ್ರು.

"ಇಲ್ಲಿ ಕೂತು ನಿರ್ಣಯ ಬರೆದ ಮೇಲೆ?"

"ಹೌದು."

ಇಸ್ತ್ರಿಯಮ್ಮ ಬಾಯಿ ತೆರೆದರು. ಮೇಷ್ಟ್ರು ತಿರುಗಿಯೂ ನೋಡದೆ, "ಚಹಾ ಆಯ್ತಾ?" ಅಂದರು. ಇಸ್ತ್ರಿಯಮ್ಮ ಒಳಗೆ ಹೋಗಿ ನೀರಿಟ್ಟರು.

ವಕೀಲರು ತಲೆ ತಗ್ಗಿಸಿ ಕೂತಿದ್ದರು. ಹತ್ತು ವರ್ಷ ಜೊತೆಗೆ ರೈಲು ಹತ್ತಿದವರು. "ಕಾರಣ ಏನಾದ್ರೂ ಹೇಳಿ ಮೇಷ್ಟ್ರೇ. ಹುಡುಗನ ಆರೋಗ್ಯ ಅಂತ ಬರ್ಕೊಳ್ತೀವಿ."

"ಎಲ್ಲರ ಆರೋಗ್ಯವೂ ಅಷ್ಟೇ ಇದೆ. ಬರ್ಕೋಬೇಡಿ."

ಕೈ ಎತ್ತಿಸಿದರು. ಅಧ್ಯಕ್ಷರನ್ನು ತೆಗೆಯಬೇಕು ಎಂದು ಆರು ಕೈ, ಬೇಡವೆಂದು ಒಂದು. ಆ ಒಂದು ವಕೀಲರದು. ಟೀಚರಮ್ಮ ನಿರ್ಣಯ ಬರೆದು ಮೇಷ್ಟ್ರ ಮುಂದೆ ತಳ್ಳಿದರು. ಅವರು ಕನ್ನಡಕ ಇಳಿಸಿ ಓದಿದರು. "'ವಜಾಗೊಳಿಸಲಾಗಿದೆ' ಸಾಕು. 'ತೆಗೆದುಹಾಕಿ ವಜಾಗೊಳಿಸಲಾಗಿದೆ' ಬೇಡ," ಎಂದು ಒಂದು ಪದ ಹೊಡೆದುಹಾಕಿ ಕೊಟ್ಟರು. ಚಹಾ ಬಂದಾಗ ಯಾರೂ ಕುಡಿಯಲಿಲ್ಲ. ಕಡತಗಳ ನಾಲ್ಕು ಪೆಟ್ಟಿಗೆಗಳನ್ನು ಹೊತ್ತು ಇಳಿಸಲು ಮೂರು ಸಲ ಮೆಟ್ಟಿಲು ಹತ್ತಿ ಇಳಿಯಬೇಕಾಯಿತು. ಮೇಷ್ಟ್ರೂ ಒಂದು ಪೆಟ್ಟಿಗೆ ಹೊತ್ತರು.

ಆ ದಿನದಿಂದ ಊಟದ ಮೇಜು ಊಟಕ್ಕೇ ಉಳಿಯಿತು. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಎದುರು ಮನೆಯವರು ನಾಲ್ಕು ವರ್ಷದ ಮೇಲೆ "ಚೆನ್ನಾಗಿದ್ದೀರಾ?" ಅಂದರು. ಮಗಳನ್ನು ಡಾಕ್ಟರು ಮುಂದಿನ ಕೋಣೆಗೆ ಕರೆದರು. ಮಗನಿಗೆ ಒಸಡಿನ ಚಿಕಿತ್ಸೆ ನಡೆಯುತ್ತಿತ್ತು. ಅವನು ಗಂಜಿ ಕುಡಿಯುತ್ತಿದ್ದ, ನಿದ್ದೆ ಮಾಡುತ್ತಿದ್ದ, ಎದ್ದು ಅಜ್ಜಿಯ ಜೊತೆ ಇಸ್ಪೀಟು ಆಡುತ್ತಿದ್ದ. ಅಜ್ಜಿ ಎಲೆ ಕದಿಯುತ್ತಿದ್ದಳು. ಅವನು ನೋಡಿಯೂ ಸುಮ್ಮನಿರುತ್ತಿದ್ದ.

"ಜೈಲಲ್ಲಿ ಇದನ್ನಾದ್ರೂ ಕಲೀಬಾರದಿತ್ತಾ? ನಾನು ಮೋಸ ಮಾಡ್ತಿದ್ದೀನಿ ಕಣೋ," ಅಂದಳು ಅಜ್ಜಿ.

"ಗೊತ್ತು ಅಜ್ಜಿ."

"ಗೊತ್ತಿದ್ದೂ ಕೂತಿದ್ದೀಯಾ?"

ಅವನು ಎಲೆ ಹಂಚಿದ. ಅಪ್ಪ ಕಿಟಕಿಯ ಬಳಿ ದಿನಪತ್ರಿಕೆ ಹಿಡಿದು ಕೂತಿರುತ್ತಿದ್ದರು. ಪೆನ್ಸಿಲು ಕೈಯಲ್ಲಿರುತ್ತಿತ್ತು, ಗುರುತು ಹಾಕುತ್ತಿರಲಿಲ್ಲ.

*

ಮೂರು ವಾರ ಕಳೆದ ಮೇಲೆ ಇಸ್ತ್ರಿಯಮ್ಮ ಹೋಟೆಲಿನಿಂದ ನೇರವಾಗಿ ಟೀಚರಮ್ಮನ ಮನೆಗೆ ಹೋದರು. ಟೀಚರಮ್ಮ ಪರೀಕ್ಷೆಯ ಉತ್ತರಪತ್ರಿಕೆ ನೋಡುತ್ತಿದ್ದರು. ಕುರ್ಚಿಯ ಮೇಲೆ ಕಡತದ ಪೆಟ್ಟಿಗೆ ಇತ್ತು. ಅದನ್ನು ಕೆಳಗಿಟ್ಟು ಜಾಗ ಮಾಡಿದರು.

"ಅವರು ಹೇಳಿ ಕಳಿಸಿರಲಿಲ್ಲ. ನಾನೇ ಅವರ ಹೆಸರಲ್ಲಿ ಹೇಳಿದ್ದು," ಅಂದರು ಇಸ್ತ್ರಿಯಮ್ಮ, ಕೂರುವ ಮೊದಲೇ.

"ಗೊತ್ತು."

"ಯಾರು ಹೇಳಿದ್ರು?"

"ಚಾಕು ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರಲ್ಲ, ಅವತ್ತೇ ಗೊತ್ತಾಯ್ತು."

"ಮತ್ತೆ ಅವರನ್ನ ಯಾಕೆ ತೆಗೆದ್ರಿ?"

ಟೀಚರಮ್ಮ ಕೆಂಪು ಪೆನ್ನಿನ ಮುಚ್ಚಳ ಹಾಕಿದರು. "ಇಲ್ಲ ಅಂದಿದ್ರೆ ನನ್ನ ಕೈ ಏಳ್ತಿರಲಿಲ್ಲ. ಮನೆಯವರನ್ನ ಉಳಿಸೋಕೆ ನಮ್ಮ ಮುಂದೆ ಸುಳ್ಳು ಹೇಳಿದ್ರು. ಅವರು ಒಳ್ಳೆ ಗಂಡ ಇರಬಹುದಮ್ಮ. ನಮಗೆ ಬೇಕಾಗಿದ್ದು ಅಧ್ಯಕ್ಷರು."

ಇಸ್ತ್ರಿಯಮ್ಮ ಕುರ್ಚಿಯ ತುದಿಯಲ್ಲಿ ಕೂತರು. "ನಿಮ್ಮ ಯಜಮಾನರು ಹೇಗಿದ್ದಾರೆ?" ಅಂದರು.

"ಹಾಗೇ. ಹತ್ತೊಂಬತ್ತನೇ ತಾರೀಕು ಮೇಲ್ಮನವಿ ವಿಚಾರಣೆಗೆ ಬರುತ್ತೆ. ಮೂರೂ ಹಾಳೆ ಸರ್ಕಾರಿ ವಕೀಲರು ಕಡತಕ್ಕೆ ಹಾಕಿದ್ದಾರೆ. 'ನಾವು ಹನ್ನೊಂದು ಮಂದಿ.' ಇನ್ನಿಬ್ಬರು ಊರು ಬಿಟ್ಟು ಹೋದ್ರು, ಎಲ್ಲಿದ್ದಾರೋ ಗೊತ್ತಿಲ್ಲ." ಅವರು ಎದ್ದರು. "ಚಹಾ ಕುಡೀತೀರಾ? ಅವತ್ತು ನಿಮ್ಮ ಮನೇಲಿ ನಾನು ಕುಡೀಲಿಲ್ಲ."

ಇಸ್ತ್ರಿಯಮ್ಮ ಕುಡಿದು ಬಂದರು.

ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅವರು ಅದನ್ನು ಮಗನಿಗೆ ಹೇಳಿದರು. ಮೊದಲು ಹತ್ತೊಂಬತ್ತನೇ ತಾರೀಕಿನ ವಿಷಯ, ಆಮೇಲೆ ಇನ್ನೊಂದು. "ನಿಮ್ಮಪ್ಪ ಹೇಳಿರಲಿಲ್ಲ. ನಾನು ಸುಳ್ಳು ಹೇಳಿದೆ."

ಮಗಳು ಚಮಚ ಕೆಳಗಿಟ್ಟಳು. ಅವಳಿಗೂ ಅದು ಹೊಸದು. ಮೇಷ್ಟ್ರು ತಟ್ಟೆ ನೋಡುತ್ತಿದ್ದರು. ಮಗ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದ.

"ನಂಗೆ ಅವತ್ತೇ ಗೊತ್ತಿತ್ತು," ಅಂದ.

"ಏನು ಗೊತ್ತಿತ್ತು?"

"ಅಪ್ಪ ಯಾವತ್ತೂ 'ಕಳಿಸು' ಅನ್ನಲ್ಲ. 'ಹೋಗಬಹುದು' ಅಂತಾರೆ. ಚಿಕ್ಕಂದಿನಿಂದ ಕೇಳಿದ್ದೀನಿ." ಅವನು ನೀರು ಕುಡಿದ. "ಗೊತ್ತಾಗ್ಲಿಲ್ಲ ಅನ್ನೋ ಹಾಗೆ ಇದ್ದೆ. ನಂಗೆ ಮನೆಗೆ ಬರಬೇಕಿತ್ತು. ಬಂದೆ. ಬಾಗಿಲಲ್ಲಿ ನಿಂತು 'ನೀವು ಹೇಳಿದ ಹಾಗೇ ಮಾಡಿದೆ' ಅಂದಾಗ ಅಪ್ಪ ಇಲ್ಲ ಅಂತಾರೇನೋ ಅಂತ ನೋಡ್ದೆ. ಅವರೂ ಅನ್ನಲಿಲ್ಲ."

ಅಜ್ಜಿ ಎಲ್ಲರ ಮುಖವನ್ನೂ ನೋಡಿ, ತಾನೇ ಸೌಟು ಹಿಡಿದು ಮೊಮ್ಮಗನಿಗೆ ಇನ್ನಷ್ಟು ಬಡಿಸಿದಳು.

ಮರುದಿನ ಬೆಳಿಗ್ಗೆ ಮಗ ಅಪ್ಪನ ಎದುರಿಗೆ ಬಿಳಿ ಹಾಳೆ ಇಟ್ಟ. "ನಾನು ಹೇಳ್ತೀನಿ, ನೀವು ಬರೀರಿ. ಆ ಸಹಿ ವಾಪಸ್ ತಗೋತೀನಿ."

"ಸಹಿ ವಾಪಸ್ ಹೋದ್ರೆ ಬಿಡುಗಡೆಯೂ ವಾಪಸ್ ಹೋಗುತ್ತೆ," ಅಂದರು ಮೇಷ್ಟ್ರು.

"ಗೊತ್ತು."

"ಇನ್ನಿಬ್ಬರ ಹಾಳೆ ಅಲ್ಲೇ ಇರುತ್ತೆ."

"ನನ್ನದು ಇರಲ್ಲ. ಮೊದಲನೇದು ನನ್ನದು. ನನ್ನ ನೋಡಿ ಅವರು ಹಾಕಿದ್ದು. ಅದನ್ನೂ ಬರೀರಿ."

"ಹಲ್ಲಿನ ಕೆಲಸ ಅರ್ಧ ಆಗಿದೆ," ಅಂದಳು ಅಕ್ಕ. ಅವಳ ದನಿ ಏರಿತು. "ಅರ್ಧಕ್ಕೆ ಬಿಟ್ರೆ ಮೊದಲಿಗಿಂತ ಕೆಟ್ಟದಾಗುತ್ತೆ. ಯಾರಾದ್ರೂ ಅದನ್ನ ಬರೀತೀರಾ? ಅಮ್ಮ, ನೀನಾದ್ರೂ ಹೇಳು."

ಇಸ್ತ್ರಿಯಮ್ಮ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದರು. "ನಾನು ಒಂದು ಸಲ ಹೇಳಿ ಆಗಿದೆ," ಅಂದರು.

ಅಕ್ಕ ಚೀಲ ತೆಗೆದುಕೊಂಡು ಕೆಲಸಕ್ಕೆ ಹೊರಟುಹೋದಳು. ಸಂಜೆ ಬರುವಾಗ ಡಾಕ್ಟರಿಂದ ಮುಂದಿನ ಎರಡು ದಿನವೂ ಸಮಯ ಕೇಳಿಕೊಂಡು ಬಂದಿದ್ದಳು. ಆಗುವಷ್ಟು ಆಗಲಿ ಎಂದು.

*

ಹದಿನೇಳನೇ ತಾರೀಕು ನ್ಯಾಯಾಲಯದ ಕಚೇರಿಗೆ ಅಪ್ಪ, ಅಮ್ಮ, ಮಗ ಮೂವರೂ ಹೋದರು. ವಕೀಲರು ಅಲ್ಲೇ ಕಾಯುತ್ತಿದ್ದರು. ಟೀಚರಮ್ಮ ಶಾಲೆಯಿಂದ ಒಂದು ಗಂಟೆ ಬಿಡುವು ಕೇಳಿಕೊಂಡು ಬಂದಿದ್ದರು. ಮೇಷ್ಟ್ರನ್ನು ನೋಡಿ ತಲೆಯಾಡಿಸಿದರು. ಮೇಷ್ಟ್ರೂ ಆಡಿಸಿದರು. ಗುಮಾಸ್ತನ ಮೇಜಿನ ಮೇಲೆ ಅಂಟಿನ ಬಾಟಲಿ, ಮೊಹರು, ಅರ್ಧ ತಿಂದ ಸೇಬು.

ಮಗ ಸಹಿ ಹಾಕಿದ. ಗುಮಾಸ್ತ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡ. "ಇವನು ಇವನೇ ಅಂತ ಗುರುತಿಸೋರು ಯಾರು? ಒಬ್ಬರ ಸಹಿ ಬೇಕು."

ಮೇಷ್ಟ್ರು ಮುಂದೆ ಬಂದರು. ಗುಮಾಸ್ತ ಅವರ ಮುಖ ನೋಡಿ, "ನೀವು ಸಮಿತಿಯವರಲ್ವಾ? ಸಮಿತಿಯವರದ್ದು ನಡೆಯಲ್ಲ," ಅಂದ.

"ನಾನೀಗ ಅಲ್ಲಿಲ್ಲ."

"ನಮ್ಮ ಪುಸ್ತಕದಲ್ಲಿ ಅಧ್ಯಕ್ಷರು ಅಂತ ಇನ್ನೂ ನಿಮ್ಮ ಹೆಸರೇ ಇದೆ. ಬೇರೆ ಯಾರಾದ್ರೂ ಇದ್ರೆ ಬನ್ನಿ."

ಇಸ್ತ್ರಿಯಮ್ಮ ಮೇಜಿನ ಬಳಿ ಬಂದು ಹಾಳೆ ಎತ್ತಿಕೊಂಡರು. ಓದತೊಡಗಿದರು. ಗಂಡನ ಅಕ್ಷರ, ಮಗನ ಮಾತು. ಒಂದು ಪುಟ ತುಂಬಾ ಇತ್ತು.

"ಓದೋಕೇನಿಲ್ಲಮ್ಮ, ಕೊನೇಲಿ ಒಂದು ಸಹಿ ಹಾಕಿದ್ರೆ ಸಾಕು," ಅಂದ ಗುಮಾಸ್ತ.

"ಓದಿ ಹಾಕ್ತೀನಿ."

ಹಿಂದೆ ಸಾಲಿನಲ್ಲಿದ್ದವರು ಕಾಲು ಬದಲಾಯಿಸಿದರು. ಅವರು ಕೊನೆಯ ಸಾಲಿನವರೆಗೂ ಓದಿ, ಪೆನ್ನು ತೆಗೆದುಕೊಂಡರು. "ಏನಾಗಬೇಕು ನಿಮಗೆ ಇವನು?" ಎಂದು ಗುಮಾಸ್ತ ಕೇಳಿದ. "ಮಗ," ಅಂದರು. ಸಹಿ ಹಾಕಿ, ಪೆನ್ನನ್ನು ಎಲ್ಲಿತ್ತೋ ಅಲ್ಲೇ ಇಟ್ಟರು.

ಜೈಲಿನ ವ್ಯಾನು ಬರಲು ಎರಡು ಗಂಟೆ ಹಿಡಿಯಿತು. ಅಲ್ಲಿಯವರೆಗೆ ಪಡಸಾಲೆಯ ಬೆಂಚಿನಲ್ಲಿ ಕೂತರು. ಮಗ ತಾಯಿ ತಂದಿದ್ದ ಮೊಟ್ಟೆ, ಬಾಳೆಹಣ್ಣು ಎರಡೂ ತಿಂದ. ಬಾಯಿಗೆ ಕೈ ಅಡ್ಡ ಇಡಲಿಲ್ಲ. ಹೊಸ ಹಲ್ಲು ಕಟ್ಟಿಸಲು ಸಮಯ ಸಾಲದಿದ್ದರೂ ಒಸಡಿನ ಊತ ಇಳಿದಿತ್ತು. ಹೆಸರು ಕರೆದಾಗ ಎದ್ದು ಅಂಗಿಯ ಮೇಲಿನ ಪುಡಿ ಕೊಡವಿಕೊಂಡ. "ಅಜ್ಜಿಗೆ ಹೇಳು, ಕೊನೇ ಆಟದಲ್ಲಿ ಅವಳು ಗೆದ್ದಿದ್ದು ನಿಜವಾಗ್ಲೂ ಅಂತ," ಅಂದು ಹೋದ.

ಗಂಡ ಹೆಂಡತಿ ಬಸ್ ನಿಲ್ದಾಣದ ಕಡೆ ನಡೆದರು. ರಸ್ತೆ ಅಗೆದು ಕೊಳವೆ ಹಾಕುತ್ತಿದ್ದರು. ಹಲಗೆಯ ಮೇಲೆ ಒಬ್ಬೊಬ್ಬರಾಗಿ ದಾಟಬೇಕಾಗಿತ್ತು. ದಾಟಿದ ಮೇಲೆ ಮೇಷ್ಟ್ರು ಕೇಳಿದರು:

"ಮಂಗಳವಾರ ಯಾರು ಹೋಗೋದು?"

"ನಾನು ಹೋಗ್ತೀನಿ. ಇನ್ಮೇಲೆ ನಾನೇ ಹೋಗ್ತೀನಿ."

"ಹೂಂ."

"ಏನಾದ್ರೂ ಹೇಳೋದಿದ್ರೆ ಮೊದಲೇ ಹೇಳಿ. ನೀವು ಎಷ್ಟು ಹೇಳ್ತೀರೋ ಅಷ್ಟೇ ಹೇಳ್ತೀನಿ."

ನಿಲ್ದಾಣದಲ್ಲಿ ಬೆಂಚು ಖಾಲಿಯಿತ್ತು. ಇಬ್ಬರೂ ಕೂತರು. ಒಂದು ಬಸ್ಸು ಬಂದು ಹೋಯಿತು, ಅದು ಅವರದಲ್ಲ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು.

"'ಹೊಟ್ಟೆ ತುಂಬಾ ಊಟ ಮಾಡು' ಅಂತ ಹೇಳು," ಅಂದರು.

"'ಹೊಟ್ಟೆ ತುಂಬಾ ಊಟ ಮಾಡು.' ಅಷ್ಟೇನಾ?"

"ಅಪ್ಪ ಹೇಳಿದ್ರು ಅಂತ ಹೇಳು."

"ಹೇಳ್ತೀನಿ," ಅಂದರು ಇಸ್ತ್ರಿಯಮ್ಮ. ಅವರ ಬಸ್ಸು ಬಂತು.